ಹತ್ತು ಹೆಂಗಸರ ಖುದ್ದು ಹಾಜರಿ

ಅಮಲ್ದಾರ್ ರುದ್ರಸ್ವಾಮಿಯವರು ನಮ್ಮ ತಾಲ್ಲೂಕಿಗೆ ವರ್ಗವಾಗಿ ಬಂದ ವರ್ಷವೇ ಬಟ್ಟೆಗೂ ಕಂಟ್ರೋಲ್ ಬಂತು. ಎರಡರಲ್ಲಿ ಯಾವುದು ಮೊದಲು ಬಂತೆಂದು ಈಗ ನೆನಪಿಲ್ಲ. ಊರಿನ ಹೆಂಗಸರಿಗೆ ಅವೆರಡೂ ಒಂದೇ ಕಾಯಿಲೆಯ ಎರಡು ಹೆಸರುಗಳಾಗಿದ್ದವು. ತಾಲ್ಲೂಕು ಯಾವುದೆಂದು ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಬದುಕಿದ್ದಾರೆ, ಒಳ್ಳೆಯವರೆಂದೇ ಕೇಳಿದ್ದೇನೆ, ಅವರದೇನು ತಪ್ಪು? ಊರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಎಲ್ಲೋ ಇತ್ತೆಂದುಕೊಂಡರೆ ಸಾಕು. ನಾನು ಅಲ್ಲಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಷ್ಟ್ರಮ್ಮನಾಗಿದ್ದೆ. ಮೈಸೂರಿನ ಕಾಲೇಜಿನಲ್ಲಿ ನಾನು ಓದಿದ್ದರಲ್ಲಿ ಆ ಊರಿಗೆ ಉಪಯೋಗಕ್ಕೆ ಬಂದದ್ದು ಒಂದೇ, ಅರ್ಜಿ ಬರೆಯುವುದು.

ಯುದ್ಧ ಮುಗಿದು ಆರು ತಿಂಗಳಾಗಿತ್ತು. ಆದರೆ ಬಟ್ಟೆಗೆ ಇನ್ನೂ ಕಾರ್ಡು ಬೇಕಿತ್ತು. ಕಾರ್ಡಿದ್ದವರಿಗೂ ಸರ್ಕಾರದ ಬಟ್ಟೆ ಸಿಗುತ್ತಿದ್ದುದು ಷಣ್ಮುಖಪ್ಪನ ಡಿಪೋದಲ್ಲಿ ಮಾತ್ರ. ಸಿಗುತ್ತಿದ್ದುದು ಎನ್ನುವುದೂ ತಪ್ಪು. ದಸರಾದಿಂದ ಈಚೆಗೆ ಷಣ್ಮುಖಪ್ಪ ಡಿಪೋದ ಒಂದೇ ಬಾಗಿಲು ತೆರೆದಿಟ್ಟು, ಅದರಲ್ಲಿ ತಾನೇ ಅಡ್ಡ ಕೂತು, ಬಂದವರಿಗೆಲ್ಲ "ಸ್ಟಾಕ್ ಬಂದಿಲ್ಲ" ಎನ್ನುತ್ತಿದ್ದ. ಅವನ ಹಿಂದೆ ಕತ್ತಲೆಯಲ್ಲಿ ಏನಿತ್ತೆಂದು ಯಾರಿಗೂ ಕಾಣುತ್ತಿರಲಿಲ್ಲ. ಅವನ ಹೊಟ್ಟೆ ಅಷ್ಟು ಅಗಲವಿತ್ತು. ವಾರಕ್ಕೊಮ್ಮೆ ಅಮಲ್ದಾರರ ಜಟಕಾ ಅಲ್ಲಿ ನಿಲ್ಲುತ್ತಿತ್ತು. ಬರುವಾಗ ಕುದುರೆ ಓಡುತ್ತ ಬರುತ್ತಿತ್ತು, ಹೋಗುವಾಗ ನಡೆದು ಹೋಗುತ್ತಿತ್ತು. ಊರಿನವರಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ. ಆದರೆ ಸರ್ಕಾರ ಕುದುರೆಯ ಸಾಕ್ಷಿ ಒಪ್ಪುವುದಿಲ್ಲ.

ಸ್ಕೂಲಿನ ಹಿಂದಿನ ಕೇರಿಯಲ್ಲಿ ಚಿಕ್ಕಸಿದ್ದಮ್ಮನ ಮನೆ. ಆಕೆಗೂ ಆಕೆಯ ಸೊಸೆ ಪುಟ್ಟಮಾದಮ್ಮನಿಗೂ ಸೇರಿ ಹೊರಗೆ ಉಟ್ಟು ಹೋಗುವಂಥ ಸೀರೆ ಒಂದೇ ಇತ್ತು, ಹಸಿರು ಮೈ, ಕೆಂಪು ಅಂಚು. ಅತ್ತೆ ಅದನ್ನುಟ್ಟು ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೋದರೆ, ಸೊಸೆ ಗೋಣಿತಾಟು ಸುತ್ತಿಕೊಂಡು ಬಾಗಿಲ ಹಿಂದೆ. ಅತ್ತೆ ಬಂದ ಮೇಲೆ ಸೊಸೆ ಅದನ್ನುಟ್ಟು ನೀರಿಗೆ. ಕೇರಿಯ ಅರ್ಧ ಮನೆಗಳಲ್ಲಿ ಹೀಗೇ ನಡೆಯುತ್ತಿತ್ತು. ಗಂಡಸರು ಒಂದು ತುಂಡಿನಲ್ಲಿ ಹೇಗೋ ತಿರುಗಾಡುತ್ತಿದ್ದರು, ಅವರನ್ನು ಯಾರೂ ಏನೂ ಅನ್ನುತ್ತಿರಲಿಲ್ಲ.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಕಡೆಯಿಂದ ಬಂದ ಗಾಡಿಯವನೊಬ್ಬ ಪುಟ್ಟಮಾದಮ್ಮನಿಗೆ ಸುದ್ದಿ ತಂದ. ಸರಗೂರಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗಳನ್ನು ಕೇಳುತ್ತಿದ್ದಾಳೆ. ಹೋಗಿ ಬರಲು ಬಸ್ಸಿನಲ್ಲಿ ಒಂದೊಂದು ದಿನ, ಅಲ್ಲಿ ತಾಯಿಯ ಹತ್ತಿರ ಕೂರಲು ನಾಲ್ಕು ದಿನ. ವಾರ ಪೂರ್ತಿ ಸೀರೆ ಸರಗೂರಿನಲ್ಲಿದ್ದರೆ ಇಲ್ಲಿ ಅತ್ತೆಯ ಕೂಲಿ ನಿಲ್ಲುತ್ತಿತ್ತು, ಒಲೆಯೂ ನಿಲ್ಲುತ್ತಿತ್ತು. ಚಿಕ್ಕಸಿದ್ದಮ್ಮ, "ಓಗವ್ವ, ನಾನು ಎಂಗೋ ಇರ್ತೀನಿ" ಎಂದಳಂತೆ. ಸೊಸೆ ಹೋಗಲಿಲ್ಲ. ಅತ್ತೆಗೆ ಮುಖ ಕಾಣದಂತೆ ತಿರುಗಿ ಕೂತು ಅತ್ತಳಂತೆ.

ನನಗೆ ತಿಳಿದ ದಿನ ನನ್ನ ಸೀರೆಯೊಂದನ್ನು ಮಡಿಸಿ ತೆಗೆದುಕೊಂಡು ಹೋದೆ. ನನಗೂ ಇದ್ದವು ಎರಡೇ, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಚಿಕ್ಕಸಿದ್ದಮ್ಮ ಅದನ್ನು ಮುಟ್ಟಿ ನೋಡಿ, ಅಂಚು ಸವರಿ, ಹಿಂದಕ್ಕೆ ನನ್ನ ತೊಡೆಯ ಮೇಲಿಟ್ಟಳು.

"ಬ್ಯಾಡಿ ಮೇಷ್ಟ್ರಮ್ಮ. ನೀವು ಕೊಟ್ರೆ ಇವಳೊಬ್ಬಳಿಗೆ ಆಯ್ತದೆ. ಪಕ್ಕದ ಮನೆ ಕುಳ್ಳಮ್ಮನಿಗೆ ಯಾರು ಕೊಡ್ತಾರೆ? ನಮ್ ಪಾಲಿನ ಬಟ್ಟೆ ಬಂದದೆ, ಅದನ್ನ ಕೊಡ್ಲಿ. ನಮ್ದನ್ನ ಅಮಲ್ದಾರ್ರ ಮನೇಲಿ ಬುಟ್ಟು ನಿಮ್ದು ಉಟ್ಕಳಾನ?"

"ಬಂದಿದೆ ಅಂತ ಹೇಗೆ ಹೇಳ್ತೀಯೆ?"

"ಅಮಲ್ದಾರ್ರ ಮನೆ ಕಿಟಕೀಗೂ ಬಟ್ಟೆ ಉಡ್ಸವ್ರೆ ಕಣ್ರವ್ವ. ಕಿಟಕೀಗೇನು ಮಾನ ಓಗ್ತಿತ್ತಾ?"

ಅರ್ಜಿ ಬರೆಯೋಣವೆಂದು ಆಗಲೇ ತೀರ್ಮಾನವಾದದ್ದು. ಅದಕ್ಕೂ ಮುಂಚೆ ಕ್ರಮವಾಗಿ ಹೋಗಬೇಕೆಂದು ನಾನೇ ಹೇಳಿದೆ. ನಮ್ಮ ಕಡೆಯಿಂದ ಪ್ರಜಾಪ್ರತಿನಿಧಿ ಸಭೆಗೆ ಚನ್ನಬಸವಣ್ಣನವರೆಂಬ ದೊಡ್ಡ ಹಿಡುವಳಿದಾರರು ಆರಿಸಿ ಬಂದಿದ್ದರು. ನಾನೂ ಚಿಕ್ಕಸಿದ್ದಮ್ಮನೂ ಅವರ ಮನೆಗೆ ಹೋದೆವು. ಜಗುಲಿಯ ಗೋಡೆಯಲ್ಲಿ ಅವರದೇ ಫೋಟೋ. ಜರಿ ಪೇಟ, ಉದ್ದನೆಯ ಕರಿಯ ಕೋಟು, ಕೈಯಲ್ಲಿ ಸುರುಳಿ ಕಾಗದ. ಆ ಕಾಗದದಲ್ಲಿ ಏನಾದರೂ ಬರೆದಿತ್ತೆಂದು ನನಗೆ ಅನ್ನಿಸಲಿಲ್ಲ. ಅವರು ನಮ್ಮ ಮಾತನ್ನು ಪೂರ್ತಿ ಕೇಳಿದರು. ಕೇಳುವಾಗ ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ.

"ಬಹಳ ಗಂಭೀರವಾದ ವಿಚಾರ ತಾಯಿ. ದಸರಾ ಅಧಿವೇಶನದಲ್ಲಿ ಪ್ರಶ್ನೆ ಹಾಕ್ತೀನಿ."

"ದಸರಾಕ್ಕೆ ಇನ್ನೂ ಒಂಬತ್ತು ತಿಂಗಳಿದೆಯಲ್ಲ ಸ್ವಾಮಿ."

"ಪ್ರಜಾಪ್ರಭುತ್ವ ಅಂದರೆ ತಾಳ್ಮೆ ಕಣಮ್ಮ. ಹೋದ ಸಲವೂ ಒಂದು ಪ್ರಶ್ನೆ ಹಾಕಿದ್ದೆ. ಸರದಿ ಬರಲಿಲ್ಲ. ಆದರೆ ಊಟದ ವ್ಯವಸ್ಥೆ ಮಾತ್ರ..." ಎಂದು ಅವರು ಕಣ್ಣು ತೆರೆದರು. ಮೈಸೂರಿನ ಆ ಊಟದ ಬಗ್ಗೆ ಅವರು ಕಾಲು ಗಂಟೆ ಹೇಳಿದರು. ಜನರ ಪರವಾಗಿ ಅವರು ಮಾಡಿದ ಕೆಲಸದಲ್ಲಿ ನಮಗೆ ಪೂರ್ತಿ ವಿವರ ಸಿಕ್ಕಿದ್ದು ಅದೊಂದರದೇ. ಹೊರಡುವಾಗ ಅವರ ಹೆಂಡತಿ ಪ್ರೇಮಮ್ಮ ಹಿತ್ತಲ ಕಡೆಯಿಂದ ಬಂದು, ಮಾತಾಡದೆ, ಚಿಕ್ಕಸಿದ್ದಮ್ಮನ ಮಡಿಲಿಗೆ ಎರಡು ಬೊಗಸೆ ಅವರೆಕಾಯಿ ಹಾಕಿದರು. ಆ ಮನೆಯಲ್ಲಿ ಜನರ ಪ್ರತಿನಿಧಿ ಯಾರೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಆಮೇಲೆ ಡೆಪ್ಯುಟಿ ಕಮಿಷನರಿಗೆ ನೇರವಾಗಿ ಅರ್ಜಿ ಬರೆದೆ. ಹತ್ತು ಹೆಂಗಸರು ಹೆಬ್ಬೆಟ್ಟು ಒತ್ತಿದರು. ಟಪಾಲಿನಲ್ಲಿ ಹೋದ ಅರ್ಜಿ ಹದಿನೈದು ದಿನಕ್ಕೆ ವಾಪಸು ಬಂತು. ಬಂದದ್ದು ಯಾರ ಮೇಲೆ ದೂರಿತ್ತೋ ಅವರ ಕೈಗೇ, ವಿಚಾರಿಸಿ ವರದಿ ಮಾಡಿ ಎಂಬ ಷರಾದೊಂದಿಗೆ. ಕಳ್ಳತನದ ದೂರನ್ನು ಕಳ್ಳನಿಗೇ ಕಳಿಸುವುದಕ್ಕೆ ಸರ್ಕಾರದ ಭಾಷೆಯಲ್ಲಿ ಒಂದು ಗೌರವದ ಹೆಸರೂ ಇತ್ತು. ಸೂಕ್ತ ಮಾರ್ಗ.

ರುದ್ರಸ್ವಾಮಿಯವರು ಸ್ಕೂಲಿಗೇ ಬಂದರು. ಮೃದು ಧ್ವನಿ, ಕಿವಿಯಲ್ಲಿ ಒಂಟಿ, ಕೋಟಿನ ಮೇಲೆ ಮಡಿಕೆ ಮುರಿಯದ ಹೊಸ ಉತ್ತರೀಯ.

"ಅಕ್ಷರ ಚೆನ್ನಾಗಿದೆ ಅಮ್ಮಾ. ಗುರುತು ಸಿಕ್ಕಿತು" ಎಂದರು.

"ಹಾಗಾದರೆ ವಿಷಯವೂ ಗುರುತು ಸಿಕ್ಕಿರಬೇಕು."

ಅವರು ನಕ್ಕರು. ಕೋಪ ಬಂದರೆ ಅವರು ನಗುತ್ತಿದ್ದರು. "ಹೆಬ್ಬೆಟ್ಟು ಯಾರದು ಬೇಕಾದರೂ ಆಗಬಹುದು. ಬರುವ ಸೋಮವಾರ ಇಲ್ಲೇ ಜಮಾಬಂದಿ ಕ್ಯಾಂಪು, ವರ್ಷದ ಕಂದಾಯದ ಲೆಕ್ಕ. ಡೆಪ್ಯುಟಿ ಕಮಿಷನರ್ ಸಾಹೇಬರೇ ಬರ್ತಾರೆ. ಈ ಹತ್ತು ಹೆಂಗಸರೂ ಖುದ್ದು ಹಾಜರಾಗಿ ಹೇಳಲಿ. ಮನೆಯ ಗಂಡಸರು ಹೇಳಿದರೆ ನಡೆಯೋದಿಲ್ಲ. ಹತ್ತಕ್ಕೆ ಒಬ್ಬರು ಕಡಿಮೆಯಾದರೂ ಅರ್ಜಿ ಸುಳ್ಳು ಅಂತ ಷರಾ ಬರೀತೀನಿ. ಸುಳ್ಳು ಅರ್ಜಿ ಬರೆದವರ ನೌಕರಿ ವಿಚಾರ ಆಮೇಲೆ ನೋಡೋಣ."

ಉಡಲು ಸೀರೆ ಇಲ್ಲವೆಂದು ದೂರು ಕೊಟ್ಟವರು ಸೀರೆ ಉಟ್ಟು ಬಂದು ಅದನ್ನು ರುಜುವಾತು ಮಾಡಬೇಕು. ಇಂಥ ಷರತ್ತನ್ನು ಯೋಚಿಸಲು ಒಂದು ಬಗೆಯ ಬುದ್ಧಿ ಬೇಕು. ಅಂಥ ಬುದ್ಧಿಗೆ ಆ ಕಾಲದಲ್ಲಿ ಒಳ್ಳೆಯ ಸಂಬಳವೂ ಇತ್ತು.

ಗಂಡಸರು ಹಿಂದೆ ಸರಿದರು. ಅದೇ ಜಮಾಬಂದಿಯಲ್ಲಿ ಅವರವರ ಕಂದಾಯದ ಮಾಫಿ, ಬಗರ್‌ಹುಕುಂ ಜಮೀನು, ಇಂಥ ಒಂದಲ್ಲ ಒಂದು ಕಾಗದ ಅಮಲ್ದಾರರ ಮುಂದಿತ್ತು. ಪುಟ್ಟಮಾದಮ್ಮನ ಗಂಡ ಚಿಕ್ಕಮಾದು ತಾಯಿಗೆ ಹೇಳಿದನಂತೆ, "ಬುಡವ್ವ, ದೊಡ್ಡೋರ ಸವಾಸ ನಮಗ್ಯಾಕೆ?"

"ನಿಂಗೆ ಬ್ಯಾಡ್ವಲ್ಲ, ನೀನು ಬುಡು. ನಿನ್ ಎಡ್ತಿ ಅವ್ವ ಸಾಯ್ತಾ ಅವ್ಳೆ. ನೀನು ಚಡ್ಡೀಲಿ ಓಗಿ ನೋಡ್ಕಂಡು ಬತ್ತೀಯಾ?"

ಕೇರಿಯ ಸೀರೆಗಳನ್ನೆಲ್ಲ ಕೂಡಿಸಿದರೆ ಸಾಹೇಬರ ಮುಂದೆ ಉಟ್ಟು ನಿಲ್ಲುವಂಥವು ಮೂರು. ನನ್ನದೊಂದು ಸೇರಿ ನಾಲ್ಕು. ನನ್ನದನ್ನು ಒಂದು ದಿನದ ಮಟ್ಟಿಗೆ ಈಸಿಕೊಳ್ಳಲು ಚಿಕ್ಕಸಿದ್ದಮ್ಮ ಒಪ್ಪಿದಳು. ಉಪಾಯವೂ ಆಕೆಯದೇ. ನೀರಿಗೆ ಹೋಗುವಾಗ ಹೇಗೆ ಮಾಡುತ್ತಿದ್ದರೋ ಹಾಗೆಯೇ. ಒಬ್ಬಳು ಹೋಗಿ ಹೇಳಿ ಬರುವುದು, ಬಿಚ್ಚಿ ಇನ್ನೊಬ್ಬಳಿಗೆ ಕೊಡುವುದು. ಸರತಿ. ನಾಲ್ಕು ತಿಂಗಳಿಂದ ಹಾಗೆಯೇ ಬದುಕಿದ್ದ ಅವರಿಗೆ ಅದರಲ್ಲೇನೂ ವಿಚಿತ್ರ ಕಾಣಲಿಲ್ಲ. ನನಗೂ ಕಾಣಲಿಲ್ಲ. ನೋಡುವವರಿಗೆ ಹೇಗೆ ಕಂಡೀತೆಂದು ನಾವು ಯಾರೂ ಯೋಚಿಸಲಿಲ್ಲ.

ಸೋಮವಾರ ನಸುಕಿನಲ್ಲೇ ಹತ್ತೂ ಜನ ಕಂಬಳಿ ಚೂರು, ಗೋಣಿತಾಟು ಸುತ್ತಿಕೊಂಡು ಬಂದರು. ಸ್ಕೂಲಿನ ಒಳಕೋಣೆಯ ಬೀಗ ನಾನು ತೆಗೆದುಕೊಟ್ಟೆ. ಸ್ಕೂಲಿನ ಮುಂದಿನ ಬಯಲಿನಲ್ಲಿ ಚಪ್ಪರ ಎದ್ದಿತ್ತು. ತೆಂಗಿನ ಗರಿಯ ಕೆಳಗೆ, ಸಾಹೇಬರ ತಲೆಯ ಮೇಲೆ ಧೂಳು ಬೀಳದಿರಲೆಂದು, ಉದ್ದಕ್ಕೂ ಬಿಳಿಯ ಮೇಲ್ಕಟ್ಟು. ನಮ್ಮೂರಿನ ದರ್ಜಿ ಮುಖ್ತಾರ್ ಹಿಂದಿನ ದಿನ ಏಣಿ ಹತ್ತಿ ಕಟ್ಟಿದ್ದ. ಈಗ ಒಂದು ಕಂಬಕ್ಕೆ ಒರಗಿ ನಿಂತಿದ್ದ. ಗಾಳಿಗೆ ಎಲ್ಲಾದರೂ ಸಡಿಲವಾದರೆ ಬಿಗಿಯಬೇಕೆಂದು ಅವನನ್ನು ನಿಲ್ಲಿಸಿದ್ದರು. ಸ್ಕೂಲಿನ ಹಿತ್ತಲಿನಲ್ಲಿ ಮೂರು ಒಲೆ ಹೂಡಿ ಭಟ್ಟರೊಬ್ಬರು ಅಧಿಕಾರಿಗಳಿಗೆ ಅಡಿಗೆ ಮಾಡುತ್ತಿದ್ದರು. ತುಪ್ಪದ ವಾಸನೆ ಒಳಕೋಣೆಗೂ ಬರುತ್ತಿತ್ತು. ಆ ಹತ್ತು ಜನರಲ್ಲಿ ಯಾರೂ ಬೆಳಿಗ್ಗೆ ಏನೂ ತಿಂದಿರಲಿಲ್ಲ.

ಒಳಕೋಣೆಯಿಂದ ಚಪ್ಪರದ ಕಡೆ ತೆರೆಯುವ ಪಕ್ಕದ ಬಾಗಿಲಿಗೆ ಕಾವಲಾಗಿ ಅಮಲ್ದಾರರು ತಮ್ಮ ಜವಾನ ಅಂಕಯ್ಯನನ್ನು ನಿಲ್ಲಿಸಿದ್ದರು. ಒಳಗೆ ಏನು ನಡೆಯುತ್ತದೋ ನೋಡಿ ಹೇಳಬೇಕೆಂದು ಅಪ್ಪಣೆ. ಅಂಕಯ್ಯ ಬಂದವನೇ ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಮಧ್ಯಾಹ್ನದವರೆಗೆ ಆ ಗೋಡೆಯನ್ನೇ ಕಾದ.

ಡೆಪ್ಯುಟಿ ಕಮಿಷನರು ಹನ್ನೊಂದಕ್ಕೆ ಬಂದರು. ಕೆಟ್ಟವರಲ್ಲ. ಒಳ್ಳೆಯವರೆನ್ನಲೂ ನನ್ನ ಬಳಿ ಆಧಾರವಿಲ್ಲ. ಬೇಗ ಮುಗಿಸಬೇಕೆನ್ನುವವರು. ಗಂಡಸರ ಕಾಗದಗಳು ಸರಸರ ಸರಿದವು. ಹನ್ನೆರಡೂವರೆಗೆ ನಮ್ಮ ಅರ್ಜಿ ಕೈಗೆತ್ತಿಕೊಂಡು, "ಬಟ್ಟೆ ದೂರು. ಯಾರಿದ್ದಾರೆ?" ಎಂದರು.

ಮೊದಲು ಕುಳ್ಳಮ್ಮ ಹೋದಳು. ಗಂಡ ಸತ್ತು ಹತ್ತು ವರ್ಷವಾಗಿದ್ದ ಹೆಂಗಸು, ಯಾರಿಗೂ ಹೆದರುತ್ತಿರಲಿಲ್ಲ. "ಕಾರ್ಡು ಅದೆ, ಬಟ್ಟೆ ಇಲ್ಲ. ಡಿಪೋದೋನು ಇಲ್ಲ ಅಂತಾನೆ. ಅಮಲ್ದಾರ್ರ ಗಾಡೀಲಿ ಓಯ್ತದೆ. ಕಣ್ಣಲ್ಲಿ ಕಂಡಿವ್ನಿ" ಎಂದು ಹೇಳಿ ಬಂದಳು. ಆಮೇಲೆ ಇಬ್ಬರು. ನಾಲ್ಕನೆಯವಳು ಪುಟ್ಟಮಾದಮ್ಮ. ಗುಮಾಸ್ತ ಗಂಡನ ಹೆಸರು ಕೇಳಿದ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಅವಳು ತಲೆ ತಗ್ಗಿಸಿದಳು. ಗುಮಾಸ್ತ ಮತ್ತೆ ಗದರಿದ. ಆಗ ಗೋಡೆಯ ಕಡೆ ಮುಖ ಮಾಡಿದ್ದ ಅಂಕಯ್ಯ ಗೋಡೆಗೇ ಹೇಳಿದಂತೆ, "ಚಿಕ್ಕಮಾದು" ಎಂದ. ಚಿಕ್ಕಮಾದು ಅಲ್ಲೇ ಗಂಡಸರ ಸಾಲಿನಲ್ಲಿ ಕೂತಿದ್ದ. ತನ್ನ ಹೆಸರು ತಾನೇ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ನಮ್ಮವ್ವಂಗೆ ಉಸಾರಿಲ್ಲ ಬುದ್ಧಿ, ಸರಗೂರಲ್ಲವ್ಳೆ" ಎಂದಳು ಪುಟ್ಟಮಾದಮ್ಮ.

"ಅದು ಅರ್ಜಿಯಲ್ಲಿಲ್ಲ" ಎಂದ ಗುಮಾಸ್ತ.

ಆರನೆಯವಳು ಹಸಿರು ಸೀರೆ ಉಟ್ಟು ಮೇಜಿನ ಮುಂದೆ ನಿಂತಾಗ ರುದ್ರಸ್ವಾಮಿಯವರು ಎದ್ದರು. ಮುಖದಲ್ಲಿ ಆ ನಗು.

"ಮಹಾಸ್ವಾಮಿಯವರು ಕ್ಷಮಿಸಬೇಕು. ಈ ಕೆಂಪಂಚಿನ ಸೀರೆ ಎರಡನೇ ಸಲ ಬರುತ್ತಿದೆ. ಇದಕ್ಕೆ ಮೊದಲು ಬಂದ ಸೀರೆಯೂ ಎರಡನೇ ಸಲ. ಇರುವುದು ನಾಲ್ಕು ಹೆಂಗಸರು. ಹೆಸರು ಬದಲಾಯಿಸಿಕೊಂಡು ಅವರೇ ಬಂದು ಹೋಗುತ್ತಿದ್ದಾರೆ. ಈ ಜವಾನನೂ ಶಾಮೀಲು."

ಡೆಪ್ಯುಟಿ ಕಮಿಷನರು ತಲೆಯೆತ್ತಿ ಸೀರೆ ನೋಡಿದರು. ಅಷ್ಟು ಹೊತ್ತೂ ಅವರು ಒಬ್ಬಳ ಮುಖವನ್ನೂ ನೋಡಿರಲಿಲ್ಲ. ನೋಡಿದ್ದರೆ ಅರವತ್ತರ ಕುಳ್ಳಮ್ಮ ಯಾರು, ಇಪ್ಪತ್ತರ ಪುಟ್ಟಮಾದಮ್ಮ ಯಾರು ಎಂದು ತಿಳಿಯದಿರುವಷ್ಟು ದಡ್ಡರಲ್ಲ. ಅಧಿಕಾರಕ್ಕೆ ಬಡವರ ಮುಖ ಕಾಣುವುದಿಲ್ಲ, ಉಟ್ಟದ್ದು ಕಾಣುತ್ತದೆ. ಇದು ನನಗೆ ಆವತ್ತು ಗೊತ್ತಾಯಿತು.

ನಾನು ಮುಂದೆ ಹೋದೆ. "ಒಳಗೆ ಹತ್ತೂ ಜನ ಇದ್ದಾರೆ. ಒಬ್ಬೊಬ್ಬರೂ ನನಗೆ ಗೊತ್ತು. ನಾನು ಸಾಕ್ಷಿ."

"ಇವರು ಸರ್ಕಾರದ ನೌಕರರು" ಎಂದರು ರುದ್ರಸ್ವಾಮಿ. "ಸರ್ಕಾರದ ವಿರುದ್ಧ ಸಾಕ್ಷಿ ಹೇಳುವ ಹಾಗಿಲ್ಲ."

ಸಾಹೇಬರು ಗಡಿಯಾರ ನೋಡಿಕೊಂಡರು. ತುಪ್ಪದ ವಾಸನೆ ಅವರಿಗೂ ಬರುತ್ತಿದ್ದಿರಬೇಕು. "ಹತ್ತು ಜನ ಇದ್ದರೆ ಹತ್ತು ಜನವೂ ಒಟ್ಟಿಗೆ ಬಂದು ನಿಲ್ಲಲಿ. ಬಾರದಿದ್ದರೆ ಅರ್ಜಿ ವಜಾ. ಅಷ್ಟೆ."

ಒಳಗೆ ಹೋಗಿ ಹೇಳಿದೆ. ಪುಟ್ಟಮಾದಮ್ಮ ಆಗಲೇ ಗೋಣಿತಾಟಿಗೆ ಹಿಂದಿರುಗಿ, ಮೂಲೆಯಲ್ಲಿ ಮೊಣಕಾಲು ಅಪ್ಪಿ ಕೂತಿದ್ದಳು. ಸರಗೂರು ಅವಳಿಂದ ಆ ಕ್ಷಣದಲ್ಲಿ ಎಷ್ಟು ದೂರ ಹೋಯಿತೆಂದು ಅವಳ ಮುಖದಲ್ಲಿ ಕಾಣುತ್ತಿತ್ತು. ಚಿಕ್ಕಸಿದ್ದಮ್ಮ ಹಸಿರು ಸೀರೆ ಈಸಿಕೊಂಡು, ಉಟ್ಟು, ನೆರಿಗೆ ಸಿಕ್ಕಿಸುತ್ತಲೇ ಹೊರಗೆ ನಡೆದಳು.

"ಒಟ್ಗೆ ಬರಾಕಾಗಿದ್ರೆ ನಿಮ್ಮತ್ರ ಯಾಕೆ ಬರ್ತಿದ್ವಿ ಬುದ್ಧಿ?" ಎಂದಳು. "ಆರು ಜನ ತಾಟು ಸುತ್ಕಂಡು ಕುಂತವ್ರೆ. ಅಂಗೇ ಕರ್ಕಂಡು ಬರ್ಲಾ? ಇಷ್ಟು ಜನ ಗಂಡಸರು ಕುಂತವ್ರೆ, ಎಲ್ರೂ ನೋಡ್ಲಿ. ನಿಮ್ಮ ಸರ್ಕಾರ ನಮ್ಮನ್ನ ಎಂಗಿಟ್ಟದೆ ಅಂತ ನೋಡ್ಲಿ."

ಗಂಡಸರ ಸಾಲಿನಲ್ಲಿ ತಲೆಗಳೆಲ್ಲ ಇನ್ನಷ್ಟು ತಗ್ಗಿದವು. ರುದ್ರಸ್ವಾಮಿಯವರು ಅರ್ಜಿಯನ್ನು ಮಡಿಸಲು ಕೈ ಚಾಚಿದರು.

"ಹುಜೂರ್" ಎಂದ ಕಂಬದ ಬಳಿ ನಿಂತಿದ್ದ ಮುಖ್ತಾರ್. ಮೆತ್ತಗಿನ ಮನುಷ್ಯ, ಅವನ ಧ್ವನಿ ಅಷ್ಟು ಜೋರಾಗಿ ನಾನು ಕೇಳಿದ್ದು ಅದೇ ಮೊದಲು. "ಬಟ್ಟೆ ಐತೆ. ಇಲ್ಲೇ ಐತೆ."

"ಎಲ್ಲಿ?"

ಮುಖ್ತಾರ್ ಬೆರಳು ಮೇಲೆತ್ತಿದ.

ಎಲ್ಲರೂ ಮೇಲೆ ನೋಡಿದೆವು. ಬಿಳಿಯ ಮೇಲ್ಕಟ್ಟು ಗಾಳಿಗೆ ಮೆಲ್ಲಗೆ ಉಸಿರಾಡುತ್ತಿತ್ತು.

"ಅದು ನನ್ನ ಸ್ವಂತದ್ದು" ಎಂದರು ರುದ್ರಸ್ವಾಮಿ. ನಗು ಎಲ್ಲೋ ಬಿದ್ದುಹೋಗಿತ್ತು. "ಹಳೆಯದು. ಮನೆಯಲ್ಲಿತ್ತು."

"ಮುದ್ರೆ ಮೇಲ್ಗಡೆ ಐತೆ ಹುಜೂರ್. ಕೆಳಗೆ ಕಾಣ್ದಂಗೆ ಹಾಕು ಅಂದ್ರು, ಹಂಗೇ ಹಾಕ್ದೆ. ಕಚ್ಚಾ ಹೊಲಿಗೆ ಹಾಕು ಅಂದ್ರು, ಅದೂ ಹಾಕ್ದೆ. ಕ್ಯಾಂಪ್ ಮುಗಿದ ಮೇಲೆ ಪಟ್ಟಿ ಪಟ್ಟಿ ಬಿಡಿಸಿ ಮಾರ್ಬೇಕು, ಸೂಜಿ ಗುರುತು ಉಳೀಬಾರ್ದು ಅಂದ್ರು."

ದರ್ಜಿಗಳ ಕಚ್ಚಾ ಹೊಲಿಗೆಯೆಂದರೆ ಉದ್ದುದ್ದ ಟಾಕು. ಒಂದು ಕೊನೆಯ ದಾರ ಹಿಡಿದೆಳೆದರೆ ಸಾಕು, ಎರಡು ಪಟ್ಟಿಗಳೂ ಬೇರೆಯಾಗುತ್ತವೆ. ರುದ್ರಸ್ವಾಮಿಯವರು ಗಟ್ಟಿ ಹೊಲಿಗೆ ಹಾಕಿಸಿದ್ದರೆ ಏಣಿ, ಕತ್ತರಿ, ಅರ್ಧ ಗಂಟೆ ಬೇಕಾಗುತ್ತಿತ್ತು, ಅಷ್ಟರಲ್ಲಿ ಸಾಹೇಬರು ಊಟಕ್ಕೆ ಏಳುತ್ತಿದ್ದರು. ಮುಖ್ತಾರ್ ಕಂಬದ ಗಂಟು ಸಡಿಲಿಸಿ ದಾರ ಎಳೆದ. ಮೊದಲ ಪಟ್ಟಿ ಉದ್ದಕ್ಕೂ ಬಿಚ್ಚಿಕೊಂಡು ಸಾಹೇಬರ ಮೇಜಿನ ಮೇಲೆ, ಅರ್ಜಿಯ ಮೇಲೆ, ಅಮಲ್ದಾರರ ಪೇಟದ ಮೇಲೆ ಬಿತ್ತು.

ನಗು ಮೊದಲು ಗಂಡಸರ ಸಾಲಿನಿಂದ ಬಂತು. ಯಾರೆಂದು ತಿಳಿಯಲಿಲ್ಲ. ಅಷ್ಟಾದರೂ ಅವರಿಂದ ಬಂತಲ್ಲ ಎಂದುಕೊಂಡೆ.

ಸಾಹೇಬರು ಬಟ್ಟೆಯ ಅಂಚು ತಿರುವಿ ನೋಡಿದರು. ಗಜಕ್ಕೊಂದು ನೀಲಿ ಮುದ್ರೆ, ಕಂಟ್ರೋಲ್ ದರ, ಗಿರಣಿಯಲ್ಲಿ ಮುದ್ರೆ ಒತ್ತಿದ ತಿಂಗಳು. ದಸರಾ ಕಳೆದ ಮೇಲಿನ ತಿಂಗಳು. ಡಿಪೋಗೆ ಸ್ಟಾಕೇ ಬರಲಿಲ್ಲವೆಂದು ಅಮಲ್ದಾರರು ರುಜು ಮಾಡಿದ್ದ ವರದಿ ಅವರ ಮೊಣಕೈ ಕೆಳಗೇ ಇತ್ತು. ಅವರ ಮುಖ ಕೆಂಪಾಯಿತು. ಅನ್ಯಾಯಕ್ಕಲ್ಲ, ಕದ್ದದ್ದನ್ನು ಅಮಲ್ದಾರ ತಮ್ಮ ತಲೆಯ ಮೇಲೆಯೇ ಕಟ್ಟಿಸಿದ್ದನಲ್ಲ ಎಂಬುದಕ್ಕೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

"ಆರು ಪಟ್ಟಿ ಒಳಗೆ ಕೊಡು" ಎಂದರು ಮುಖ್ತಾರನಿಗೆ. "ಹತ್ತು ಜನವೂ ಬರಲಿ."

ನಾನು ಹೊತ್ತುಕೊಂಡು ಹೋದೆ. ಒಳಗೆ ಮತ್ತೊಂದು ತೊಡಕು ಕಾದಿತ್ತು. ತಾಟು ಸುತ್ತಿ ಕೂತಿದ್ದವರಲ್ಲಿ ಐವರಿಗೆ ಗಂಡಂದಿರಿದ್ದರು. ಅವರಲ್ಲಿ ಯಾರೂ ಕೈ ಚಾಚಲಿಲ್ಲ.

"ಬಿಳೀದು" ಎಂದಳು ಪುಟ್ಟಮಾದಮ್ಮ. "ಗಂಡ ಇದ್ದೋರು ಬಿಳೀದು ಉಡಾದಾ ಮೇಷ್ಟ್ರಮ್ಮ?"

"ಉಟ್ಕೊಳ್ರೇ" ಎಂದಳು ಕುಳ್ಳಮ್ಮ, ತನ್ನ ಪಾಲಿನದನ್ನು ಆಗಲೇ ಸುತ್ತಿಕೊಳ್ಳುತ್ತ. "ನಿಮ್ ಗಂಡಂದಿರು ಅಲ್ಲಿ ಕುಂತಿರಾದು ನೋಡಿದ್ರೆ, ಇದ್ದಂಗೇನೂ ಕಾಣಾಕಿಲ್ಲ."

ಯಾರೂ ನಗಲಿಲ್ಲ. ಹಿತ್ತಲ ಬಾಗಿಲ ಬಳಿ ಏನೋ ಸದ್ದಾಯಿತು. ನೋಡಿದರೆ ಹೊಸ್ತಿಲ ಮೇಲೆ ಒಂದು ದೊನ್ನೆ, ಅದರ ತುಂಬ ಕಲಸಿದ ಅರಿಶಿನ. ಅಡಿಗೆ ಭಟ್ಟರು ಬೆನ್ನು ತಿರುಗಿಸಿ ಒಲೆಯ ಕಡೆ ಹೋಗುತ್ತಿದ್ದರು. ನಮ್ಮ ಮಾತು ಅವರಿಗೆ ಕೇಳಿಸಿತ್ತು. ಹೊಸ ಬಟ್ಟೆಗೆ ಅರಿಶಿನ ಹಚ್ಚಿ ಉಡುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಐವರೂ ನಾಲ್ಕು ಮೂಲೆಗೆ ಹಚ್ಚಿದರು, ಸಾಲದೆಂದು ಸೆರಗಿಗೂ ಬಳಿದರು. ಪುಟ್ಟಮಾದಮ್ಮನ ಸೆರಗು ಪೂರ್ತಿ ಹಳದಿಯಾಯಿತು.

ಹತ್ತೂ ಜನ ಒಟ್ಟಿಗೆ ಹೊರಗೆ ಬಂದು ಮೇಜಿನ ಮುಂದೆ ಸಾಲಾಗಿ ನಿಂತರು. ನಾಲ್ಕು ಬಣ್ಣದವು, ಆರು ಬಿಳಿ. ಹೆಗಲ ಮೇಲೆ, ಸೊಂಟದ ಮೇಲೆ, ಕಂಕುಳ ಕೆಳಗೆ ಕಂಟ್ರೋಲ್ ಮುದ್ರೆ.

"ಓದಿ ಬುದ್ಧಿ" ಎಂದಳು ಚಿಕ್ಕಸಿದ್ದಮ್ಮ. "ನಮ್ ಎಸ್ರು ಬರ್ದದನ್ನ ಓದಿ. ಎಲ್ರೂ ಇದೀವಾ ನೋಡಿ."

ಸಾಹೇಬರು ಹೆಸರುಗಳನ್ನು ಓದಿದರು. ಒಂದೊಂದು ಹೆಸರಿಗೂ ಒಬ್ಬೊಬ್ಬಳು "ಇವ್ನಿ" ಎಂದಳು. ಈ ಸಲ ಅವರು ಮುಖ ನೋಡಲೇಬೇಕಾಯಿತು. ಹತ್ತು ಮಂದಿ ಖುದ್ದು ಹಾಜರು ಎಂದು ಅವರ ಕೈಯಿಂದಲೇ ಬರೆದರು. ಆಮೇಲೆ ಊಟಕ್ಕೆ ಎದ್ದರು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಪುಟ್ಟಮಾದಮ್ಮ ಹೊರಟಳು. ಇದ್ದಿಲಿನ ಬಸ್ಸು, ದಿಬ್ಬ ಬಂದರೆ ಇಳಿದು ತಳ್ಳಬೇಕು. ಚಿಕ್ಕಮಾದು ತಾನೂ ಜೊತೆಗೆ ಬರುತ್ತೇನೆಂದ. ಅವಳು ಬೇಡವೆಂದಳು. ಮುಖ್ತಾರನ ಹೆಂಡತಿ ಕರೀಮುನ್ನೀಸಾ ರಾತ್ರಿಯೇ ಕೂತು ಆ ಬಟ್ಟೆಯ ತುದಿಗಳನ್ನು ಮಡಿಸಿ ಹೊಲಿದು ಕೊಟ್ಟಿದ್ದಳು, ಗಟ್ಟಿ ಹೊಲಿಗೆ. ನಾಲ್ಕನೇ ದಿನ ಅದೇ ಗಾಡಿಯವನು ಸುದ್ದಿ ತಂದ. ಮಗಳು ಹೋದಾಗ ತಾಯಿಗೆ ಪ್ರಜ್ಞೆ ಇತ್ತು, ಗುರುತು ಹಿಡಿದಳು, ಅರಿಶಿನದ ಸೆರಗು ಹಿಡಿದುಕೊಂಡೇ ಮಲಗಿದ್ದಾಳೆ.

ಉಳಿದದ್ದು ಸರ್ಕಾರದ ರೀತಿಯಲ್ಲಿ ನಡೆಯಿತು. ಷಣ್ಮುಖಪ್ಪನ ಡಿಪೋ ಕಿತ್ತು ಅವನ ಭಾಮೈದನಿಗೆ ಕೊಟ್ಟರು. ರುದ್ರಸ್ವಾಮಿಯವರನ್ನು ಶಿಕ್ಷೆಯೆಂದು ಇನ್ನೂ ದೊಡ್ಡ ತಾಲ್ಲೂಕಿಗೆ ಕಳಿಸಿದರು. ಮುಖ್ತಾರನಿಗೆ ಕಚೇರಿಯ ಹೊಲಿಗೆ ಕೆಲಸ ನಿಂತುಹೋಯಿತು. ಅಂಕಯ್ಯನಿಗೆ ಒಂದು ತಿಂಗಳ ಸಂಬಳ ಮುಟ್ಟುಗೋಲು. ನನಗೊಂದು ನೋಟೀಸು ಬಂತು, ವಿವರಣೆ ಕೇಳಿ. ವಿವರಣೆ ಚೆನ್ನಾಗಿಯೇ ಬರೆದೆ. ಚನ್ನಬಸವಣ್ಣನವರು ದಸರಾ ಅಧಿವೇಶನದಲ್ಲಿ ಈ ಪ್ರಕರಣವನ್ನು ತಾವೇ ಬಯಲಿಗೆಳೆದ ಬಗ್ಗೆ ಮಾತಾಡಿದರಂತೆ. ಸರದಿ ಬಂದಿತ್ತು.

ಆದರೆ ಅದಕ್ಕೆಲ್ಲ ಮುಂಚೆ, ಜಮಾಬಂದಿಯಾದ ಎಂಟನೇ ದಿನ, ಕಂದಾಯ ಇಲಾಖೆಯ ಶೇಕ್‌ದಾರರೊಬ್ಬರು ಕೈಯಲ್ಲಿ ಪಟ್ಟಿ ಹಿಡಿದು, ಅಂಕಯ್ಯನನ್ನು ಹಿಂದೆ ಕಟ್ಟಿಕೊಂಡು ಕೇರಿಗೆ ಬಂದರು. ಆರು ಪಟ್ಟಿ ಬಟ್ಟೆ ಸಾಕ್ಷ್ಯದ ಮಾಲು, ಕಚೇರಿಗೆ ಜಮಾ ಆಗಬೇಕೆಂದು ಹುಕುಂ. ಹೆಂಗಸರಿಗೆ ಓದಿ ಹೇಳಲೆಂದು ನನ್ನನ್ನೂ ಕರೆಸಿದರು. ಹುಕುಮಿನ ಕೆಳಗೆ ಡೆಪ್ಯುಟಿ ಕಮಿಷನರ ರುಜುವೇ ಇತ್ತು.

ಐವರು ತಮ್ಮ ತಮ್ಮ ಬಾಗಿಲುಗಳಿಂದ ಹೊರಗೆ ಬಂದು ನಿಂತರು. ಉಟ್ಟಿದ್ದು ಅದನ್ನೇ.

"ಕೊಡಿ" ಎಂದರು ಶೇಕ್‌ದಾರರು.

"ಬಿಚ್ಕಳಿ" ಎಂದಳು ಕುಳ್ಳಮ್ಮ.

ಶೇಕ್‌ದಾರರು ವಯಸ್ಸಾದವರು, ಮನೆಯಲ್ಲಿ ಹೆಣ್ಣುಮಕ್ಕಳಿದ್ದವರು. ನೆಲ ನೋಡಿದರು. "ಆರು ಇರಬೇಕಲ್ಲ. ಇನ್ನೊಂದೆಲ್ಲಿ?"

"ಅದು ಸರಗೂರಿಗೆ ಓಗಿ ಕುಂತದೆ, ತಾಯಿ ನೋಡಾಕೆ" ಎಂದಳು ಚಿಕ್ಕಸಿದ್ದಮ್ಮ. "ಬೇಕಾದ್ರೆ ಸರ್ಕಾರ ಅಲ್ಲೀಗಂಟ ಓಗಿ, ಸಾಯೋಳ ಕೈಯಿಂದ ಬುಡಿಸ್ಕಂಡು ಬರ್ಲಿ. ಬಸ್ಸು ಬೆಳಿಗ್ಗೆ ಆರಕ್ಕದೆ."

ಅಂಕಯ್ಯ ಅಭ್ಯಾಸಬಲದಿಂದ ಆಗಲೇ ಗೋಡೆಯ ಕಡೆ ತಿರುಗಿದ್ದ. ಅವನ ಭುಜಗಳು ಅಲುಗುತ್ತಿದ್ದವು. ಶೇಕ್‌ದಾರರು ಪೆನ್ಸಿಲ್ ತೆಗೆದರು, ಪಟ್ಟಿಯ ಮೇಲಿಟ್ಟರು, ಏನು ಬರೆಯುವುದೆಂದು ತೋಚದೆ ನನ್ನ ಮುಖ ನೋಡಿದರು.

"ಉಟ್ಟುಕೊಂಡಿದ್ದಾರೆ ಅಂತ ಬರೆಯಿರಿ" ಎಂದೆ.